ಗಾಜಿನ ಗೂಡಿನಲ್ಲಿ ಬೇಕಲ ಕೋಟೆ

ಅಮೆರಿಕದ ಟೆಲಿವಿಷನ್ನಿನಲ್ಲಿ ವಾರಗಟ್ಟಲೆ ರಸಪ್ರಶ್ನೆಗಳಿಗೆ ಉತ್ತರ ಹೇಳಿ ಇಡೀ ದೇಶವನ್ನು ಮರುಳು ಮಾಡಿದ ವಿದ್ಯಾವಂತನೊಬ್ಬ, ಉತ್ತರಗಳೆಲ್ಲ ತನಗೆ ಮೊದಲೇ ಸಿಕ್ಕಿದ್ದವು ಎಂದು ಅಲ್ಲಿನ ಶಾಸಕರ ಸಮಿತಿಯೆದುರು ಒಪ್ಪಿಕೊಂಡ. ಈ ಸುದ್ದಿ ಕೊಚ್ಚಿಗೆ ತಲುಪಿದ ದಿನ ನಮ್ಮ ಕನ್ನಡ ಸಂಘದ ಅಧ್ಯಕ್ಷರು ಅದನ್ನು ಪತ್ರಿಕೆಯಿಂದ ಗಟ್ಟಿಯಾಗಿ ಓದಿ, ಮನುಷ್ಯ ಇಷ್ಟು ಕೀಳಾಗಬಹುದೇ ಎಂದು ಸಭೆಯಲ್ಲೇ ಛೀಮಾರಿ ಹಾಕಿದರಂತೆ. ನನ್ನ ಹೆಂಡತಿ ಕಾಗದ ಬರೆದು ತಿಳಿಸಿದಳು. ಓದುವಾಗ ಅವರ ನಾಲಿಗೆ ಒಮ್ಮೆಯೂ ತಡವರಿಸಲಿಲ್ಲವಂತೆ. ನನಗೆ ಆಶ್ಚರ್ಯವಾಗಲಿಲ್ಲ. ಅದಕ್ಕೆ ಒಂದು ವರ್ಷ ಮೊದಲು ಅವರ ಸೋದರಳಿಯನಿಗೆ ಉತ್ತರಗಳನ್ನು ಬರೆದುಕೊಟ್ಟವನು ನಾನೇ.

ಆಗ ನಾನು ತಿರುವನಂತಪುರದಲ್ಲಿ ಕೇಂದ್ರ ಸರಕಾರದ ಒಂದು ಕಚೇರಿಯಲ್ಲಿ ಗುಮಾಸ್ತ. ಹೆಂಡತಿ ಎರ್ನಾಕುಳಂನ ಒಂದು ಶಾಲೆಯಲ್ಲಿ ಟೀಚರು. ಇಬ್ಬರೂ ಕಾಸರಗೋಡಿನ ಕಡೆಯವರು. ಶನಿವಾರ ಮಧ್ಯಾಹ್ನ ರೈಲು ಹತ್ತಿ ಸಂಸಾರ ನೋಡಿ ಬರುವುದು, ಭಾನುವಾರ ಸಂಜೆ ಮತ್ತೆ ಅದೇ ರೈಲು. ನಮ್ಮ ಎರಡು ವರ್ಷದ ಮಗಳು ಚೇಚಿ ಎಂದು ನಾವು ಕರೆಯುತ್ತಿದ್ದ ಪಕ್ಕದ ಮನೆಯ ಅಕ್ಕನ ಸೊಂಟದ ಮೇಲೆ ಬೆಳೆಯುತ್ತಿದ್ದಳು. ನಾನು ಗೇಟು ತೆರೆದರೆ ಸಾಕು, ‘ಮಾಮನ್ ವನ್ನು’ ಎಂದು ಒಳಗೆ ಓಡುತ್ತಿದ್ದಳು. ಮಲಯಾಳದಲ್ಲಿ ಮಾಮ ಬಂದರು ಎಂದು ಅರ್ಥ. ಚೇಚಿ ನಗುತ್ತಿದ್ದಳು, ಹೆಂಡತಿಯೂ ನಗುತ್ತಿದ್ದಳು, ನನಗೆ ಮಾತ್ರ ಹೊಟ್ಟೆ ಉರಿಯುತ್ತಿತ್ತು. ಎರ್ನಾಕುಳಂಗೆ ವರ್ಗ ಸಿಕ್ಕಬೇಕು, ಮಗಳ ಬಾಯಲ್ಲಿ ಅಪ್ಪ ಅನ್ನಿಸಿಕೊಳ್ಳಬೇಕು. ಆ ಎರಡು ವರ್ಷ ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ.

ಅಧ್ಯಕ್ಷರು ನಮ್ಮ ಇಲಾಖೆಯಲ್ಲೇ ಕೊಚ್ಚಿಯ ದೊಡ್ಡ ಅಧಿಕಾರಿ. ಮೈಸೂರಿನವರು. ಅವರು ಒಂದು ಮಾತು ಹೇಳಿದರೆ ಮೇಲಿನವರು ಕೇಳುತ್ತಾರೆಂದು ಎಲ್ಲರೂ ಹೇಳುತ್ತಿದ್ದರು. ಬಂದರಿಗೆ ಬಂದ ಹಡಗಿನ ಕಪ್ತಾನನೊಬ್ಬ ಅವರಿಗೆ ಒಂದು ಕಟ್ಟು ಅಮೆರಿಕದ ವಾರಪತ್ರಿಕೆ ಕೊಟ್ಟುಹೋಗಿದ್ದ. ಅದರಲ್ಲಿ ಈ ಟೆಲಿವಿಷನ್ ಆಟದ ಚಿತ್ರಗಳಿದ್ದವು: ಇಬ್ಬರು ಸ್ಪರ್ಧಿಗಳು, ಇಬ್ಬರಿಗೂ ಒಂದೊಂದು ಗಾಜಿನ ಗೂಡು, ಕಿವಿಗೆ ಹೆಡ್‌ಫೋನು, ಹಣೆಯಲ್ಲಿ ಬೆವರು. ಟೆಲಿವಿಷನ್ನನ್ನು ನಮ್ಮಲ್ಲಿ ಯಾರೂ ಕಣ್ಣಿನಿಂದ ಕಂಡಿರಲಿಲ್ಲ. ಆದರೂ ಆ ವರ್ಷದ ವಾರ್ಷಿಕೋತ್ಸವಕ್ಕೆ ಅದೇ ಆಟ ಆಗಬೇಕೆಂದು ಅಧ್ಯಕ್ಷರು ತೀರ್ಮಾನಿಸಿದರು.

ಮಟ್ಟಾಂಚೇರಿಯ ಗೋದಾಮಿನಿಂದ ಹಳೆಯ ಚಹಾ ಪೆಟ್ಟಿಗೆಗಳನ್ನು ತರಿಸಿ, ಒಡೆದು, ಹಲಗೆ ಜೋಡಿಸಿ ಎರಡು ಗೂಡು ಮಾಡಿಸಿದರು. ಯಾರದೋ ಕಪಾಟಿನ ಗಾಜಿನ ಬಾಗಿಲುಗಳು ಅವುಗಳ ಮುಂಭಾಗವಾದವು. ಹಡಗಿನ ಹಳೆ ಸಾಮಾನಿನಿಂದ ಎರಡು ಹೆಡ್‌ಫೋನು ಬಂದವು. ಅವುಗಳ ತಂತಿ ಎಲ್ಲಿಗೂ ಹೋಗುತ್ತಿರಲಿಲ್ಲ. ಗೂಡಿನ ಹಿಂದಿನ ಒಂದು ಮೊಳೆಗೆ ಸುತ್ತಿ ನಿಲ್ಲಿಸಿದ್ದರು. ಒಳಗೆ ಹತ್ತಿ ತುರುಕಿದ್ದರಿಂದ ಹಾಕಿಕೊಂಡವರಿಗೆ ಏನೂ ಕೇಳಿಸುತ್ತಿರಲಿಲ್ಲ, ಅಷ್ಟು ಸಾಕಾಗಿತ್ತು. ಸ್ಪರ್ಧಿಗಳು ಚೆನ್ನಾಗಿ ಬೆವರಲಿ ಎಂದು ಅಮೆರಿಕದವರು ಗೂಡಿನ ತಂಪುಗಾಳಿ ನಿಲ್ಲಿಸುತ್ತಿದ್ದರೆಂದು ಆಮೇಲೆ ಓದಿದೆ. ಎರ್ನಾಕುಳಂನಲ್ಲಿ ಆ ತೊಂದರೆ ತೆಗೆದುಕೊಳ್ಳಬೇಕಾಗಿರಲಿಲ್ಲ.

ಪ್ರಶ್ನೆ ತೆಗೆಯುವ ಕೆಲಸ ನನಗೆ ಬಿತ್ತು. ದೂರದ ತಿರುವನಂತಪುರದವನು, ನಿಷ್ಪಕ್ಷಪಾತಿ ಎಂಬ ಕಾರಣ ಕೊಟ್ಟರು. ಈ ವಿಷಯ ಯಾರಿಗೂ ತಿಳಿಯಬಾರದೆಂದರು. ಆಮೇಲೆ ನನ್ನೊಬ್ಬನನ್ನೇ ಪಕ್ಕಕ್ಕೆ ಕರೆದು, ತಮ್ಮ ಸೋದರಳಿಯನೂ ಸ್ಪರ್ಧೆಯಲ್ಲಿದ್ದಾನೆ, ಅವನಿಗೆ ಹೆಣ್ಣು ಕೊಡಲು ಯೋಚಿಸುತ್ತಿರುವ ಮಂಗಳೂರಿನ ಯಜಮಾನರು ಅವತ್ತು ಮೊದಲ ಸಾಲಿನಲ್ಲಿ ಕೂರುತ್ತಾರೆ ಎಂದರು.

“ಹುಡುಗ ಚುರುಕು ಕಣ್ರೀ, ಗಾಬರಿ ಬೀಳ್ತಾನೆ ಅಷ್ಟೇ. ನೀವು ಸ್ವಲ್ಪ ಧೈರ್ಯ ತುಂಬಿ. ನಿಮ್ಮ ವರ್ಗದ ವಿಷಯ ನನ್ನ ತಲೇಲಿದೆ.”

ನಾನು ಆ ಧೈರ್ಯವನ್ನು ಎರಡು ಹಾಳೆಗಳಲ್ಲಿ ಬರೆದುಕೊಟ್ಟೆ. ಪ್ರಶ್ನೆ ಎಡಕ್ಕೆ, ಉತ್ತರ ಬಲಕ್ಕೆ. ಉತ್ತರವನ್ನು ಥಟ್ಟನೆ ಹೇಳದೆ, ಕಣ್ಣು ಮುಚ್ಚಿ, ಹಣೆ ಒರೆಸಿಕೊಂಡು ಹೇಳಬೇಕೆಂದು ಅಧ್ಯಕ್ಷರೇ ಅವನಿಗೆ ಕಲಿಸಿದರು. ಅಮೆರಿಕದಲ್ಲೂ ಹಾಗೇ ಕಲಿಸಿದ್ದರಂತೆ. ಆ ವಿದ್ಯೆಯನ್ನು ಅಧ್ಯಕ್ಷರು ಯಾರ ಸಹಾಯವೂ ಇಲ್ಲದೆ ಕಂಡುಹಿಡಿದಿದ್ದರು ಎಂಬುದನ್ನು ನಾನು ಕನ್ನಡಿಗರ ಪರವಾಗಿ ದಾಖಲಿಸಬೇಕು.

ಗುಟ್ಟನ್ನು ಹೆಂಡತಿಗೂ ಹೇಳಲಿಲ್ಲ. ಅಷ್ಟು ಪ್ರಾಮಾಣಿಕತೆ ನನ್ನಲ್ಲಿತ್ತು. ಅದರ ಫಲವಾಗಿ ಅವಳು ನನ್ನನ್ನು ಕೇಳದೆ ತಾನೂ ಹೆಸರು ಕೊಟ್ಟಿದ್ದಳು. ವೇದಿಕೆಯ ಮೇಲೆ ಒಬ್ಬ ಹೆಂಗಸಾದರೂ ಇರಲಿ ಎಂದು ಅಧ್ಯಕ್ಷರು ಸಂತೋಷದಿಂದ ಸೇರಿಸಿಕೊಂಡರು. ಬ್ಯಾಂಕಿನವರು, ಅಂಚೆಯವರು, ಇಬ್ಬರು ವಕೀಲರು ಒಬ್ಬೊಬ್ಬರಾಗಿ ಉರುಳಿದ ಮೇಲೆ ಎರಡು ಗೂಡುಗಳಲ್ಲಿ ಉಳಿದವರು ಸೋದರಳಿಯ ಮತ್ತು ನನ್ನ ಹೆಂಡತಿ. ಅಂಕ ಸಮಸಮ. ತೀರ್ಪುಗಾರನ ಕುರ್ಚಿಯಲ್ಲಿ ನಾನು. ಕೊನೆಯ ಪ್ರಶ್ನೆ ಒಂದೇ, ಇಬ್ಬರಿಗೂ: ಬೇಕಲ ಕೋಟೆ ಯಾವ ಜಿಲ್ಲೆಯಲ್ಲಿದೆ?

ಈ ಪ್ರಶ್ನೆಗೆ ಉತ್ತರ ಬರೆಯುವಾಗ ನಾನು ಯೋಚಿಸಿರಲೇ ಇಲ್ಲ. ಒಂದನೇ ಕ್ಲಾಸಿನಿಂದ ಸ್ಲೇಟಿನ ಮೇಲೆ, ಪುಸ್ತಕದ ಮೇಲೆ, ಮದುವೆಯ ಕಾಗದದ ಮೇಲೆ ನನ್ನ ಕೈ ಊರಿನ ಹೆಸರಿನ ಮುಂದೆ ಬರೆಯುತ್ತಿದ್ದದ್ದು ದಕ್ಷಿಣ ಕನ್ನಡ ಜಿಲ್ಲೆ. ರಾಜ್ಯಗಳನ್ನು ಹೊಸದಾಗಿ ಹಂಚಿ ಬೇಕಲವೂ ಸೇರಿದಂತೆ ಕಾಸರಗೋಡನ್ನು ಕೇರಳಕ್ಕೆ, ಕಣ್ಣಾನೂರು ಜಿಲ್ಲೆಗೆ ಸೇರಿಸಿ ಎರಡು ವರ್ಷವಾಗಿತ್ತು. ಆ ದಿನ ನಾನು ಊಟ ಬಿಟ್ಟಿದ್ದೆ. ಆದರೂ ಕೈ ತನ್ನಷ್ಟಕ್ಕೆ ಹಳೆಯದನ್ನೇ ಬರೆದಿತ್ತು.

ಮೊದಲು ಹೆಂಡತಿಯ ಸರದಿ. ಹೆಡ್‌ಫೋನು ತೆಗೆದು ಪ್ರಶ್ನೆ ಕೇಳಿಸಿಕೊಂಡಳು. ಅವಳ ಕೆಲಸದ ಅರ್ಜಿಯಲ್ಲಿ ಸ್ವಂತ ಜಿಲ್ಲೆ ಎಂಬಲ್ಲಿ ಅವಳು ಬರೆದಿದ್ದ ದಕ್ಷಿಣ ಕನ್ನಡವನ್ನು ಶಾಲೆಯ ಗುಮಾಸ್ತ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದ. ಅವತ್ತು ಮನೆಗೆ ಬಂದು ಅತ್ತಿದ್ದಳು.

“ಈಗ ಕಣ್ಣಾನೂರು ಜಿಲ್ಲೆ” ಎಂದಳು. ಸಭೆಯಲ್ಲಿ ಗುಸುಗುಸು ಎದ್ದಿತು. ನಾನು ನನ್ನ ಹಾಳೆ ನೋಡಿದೆ. ಅಲ್ಲಿ ದಕ್ಷಿಣ ಕನ್ನಡ ಎಂದಿತ್ತು.

ಅವಳು ಹತ್ತಿಯನ್ನು ಮತ್ತೆ ಕಿವಿಗೇರಿಸಿದ ಮೇಲೆ ಸೋದರಳಿಯನನ್ನು ಕೇಳಿದೆವು. ಅವನು ಕಣ್ಣು ಮುಚ್ಚಿದ. ಹಣೆ ಒರೆಸಿದ. ಪಕ್ಕದ ಊರು ಆಲುವಾದಿಂದ ಆಚೆ ಒಂದು ಹೆಜ್ಜೆ ಇಟ್ಟವನಲ್ಲ, ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ ಕೊಡುವವನು. ಸ್ಪಷ್ಟವಾಗಿ ಹೇಳಿದ: “ದಕ್ಷಿಣ ಕನ್ನಡ ಜಿಲ್ಲೆ.”

ಎಲ್ಲ ಬಯಲಾಯಿತು ಎಂದುಕೊಂಡೆ. ನಮ್ಮ ತಲೆಮಾರಿನ ಕಾಸರಗೋಡಿನವನ ಕೈ ಮಾತ್ರ ಮಾಡುವ ತಪ್ಪು ಇವನ ಬಾಯಿಗೆ ಹೇಗೆ ಬಂತು ಎಂದು ಒಬ್ಬನಾದರೂ ಕೇಳಬೇಕಿತ್ತು. ಯಾರೂ ಕೇಳಲಿಲ್ಲ. ಹಿಂದಿನ ಸಾಲಿನಿಂದ ಕಾಸರಗೋಡಿನ ವಯಸ್ಸಾದ ವಕೀಲರೊಬ್ಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಮೇಲೆ ಇಡೀ ಸಭೆ ಎದ್ದಿತು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮಂಗಳೂರಿನ ಯಜಮಾನರು ಮೂಗು ಒರೆಸಿಕೊಂಡರು. ತಪ್ಪುತ್ತರವನ್ನು ಬಾಯಿಪಾಠ ಮಾಡಿದ್ದ ಹುಡುಗ ಎರಡೇ ನಿಮಿಷದಲ್ಲಿ ಕನ್ನಡದ ಮಾನ ಕಾಯ್ದವನಾದ.

“ಏನ್ರೀ, ಯಾವುದು ಸರಿ?” ಎಂದು ಅಧ್ಯಕ್ಷರು ನನ್ನನ್ನು ಕೇಳಿದರು.

ನನಗೆ ಗೊತ್ತಿತ್ತು. ಬಾಯಿಯ ತನಕ ಬಂದಿತ್ತು. ಮಗಳು ಗೇಟಿನ ಬಳಿಯಿಂದ ಓಡುವುದು ಕಣ್ಣ ಮುಂದೆ ಬಂತು. ದಕ್ಷಿಣ ಕನ್ನಡ ಎಂದೆ. ಹೆಂಡತಿಗೆ ಕೇಳಿಸುವಂತಿರಲಿಲ್ಲ. ಹಾಗಾಗಿ ಗಾಜಿನತ್ತ ತಿರುಗಿ, ಅವಳ ಕಣ್ಣಿಗೆ ಕಣ್ಣಿಟ್ಟು, ಅಲ್ಲ ಎಂದು ತಲೆಯಾಡಿಸಿ ತಿಳಿಸಬೇಕಾಯಿತು. ಅಷ್ಟು ನಾಚಿಕೆ ನನಗೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಲಿಲ್ಲ.

ಅಧ್ಯಕ್ಷರು ನೆಲ, ಜಲ, ನುಡಿ ಎಂದು ಅರ್ಧ ಗಂಟೆ ಮಾತಾಡಿದರು. ಗೆದ್ದ ಕಪ್ಪನ್ನು ಹಿಡಿದುಕೊಂಡು ಕೆಳಗಿಳಿದ ಸೋದರಳಿಯ ನನ್ನ ಹತ್ತಿರ ಬಂದು, ಬೇಕಲ ಎಂದರೆ ಎಲ್ಲಿ ಬರುತ್ತದೆ ಎಂದು ಮಲಯಾಳದಲ್ಲಿ ವಿಚಾರಿಸಿದ.

ಸಭೆಯಿಂದ ಹೊರಡುವಾಗ ಇಬ್ಬರು ಹೆಂಗಸರು ನನ್ನ ಹೆಂಡತಿಗೆ, ಊರನ್ನು ಇಷ್ಟು ಬೇಗ ಬಿಟ್ಟುಕೊಟ್ಟಿರಲ್ಲ ಎಂದು ಹೇಳಿದರು. ಮನೆಗೆ ನಡೆಯುವಾಗ ಅವಳು, ಆ ಹುಡುಗನಿಗೆ ಉತ್ತರ ಬರೆದುಕೊಟ್ಟದ್ದು ನೀವೇ ಅಲ್ಲವಾ ಎಂದು ಕೇಳಿದಳು. ಹೌದೆಂದೆ. ಯಾಕೆಂದು ಅವಳು ಕೇಳಬೇಕಾಗಿರಲಿಲ್ಲ.

“ಮೊದಲು ವರ್ಗ ಆಗಲಿ. ಜಗಳ ಆಮೇಲೆ ಮಾಡುವ” ಎಂದಳು.

ವರ್ಗದ ಆರ್ಡರು ಎರಡು ತಿಂಗಳಲ್ಲಿ ಬಂತು. ಅಧ್ಯಕ್ಷರು ಕೊಟ್ಟ ಮಾತಿಗೆ ತಪ್ಪುವವರಲ್ಲ. ಅವತ್ತಿನ ಚಪ್ಪಾಳೆ, ಕಣ್ಣೀರು ಅವರ ಮನಸ್ಸಿನಲ್ಲಿ ಉಳಿದುಬಿಟ್ಟಿದ್ದವು. ಕಾಸರಗೋಡಿನವನಿಗೆ ಕಾಸರಗೋಡಿಗಿಂತ ದೊಡ್ಡ ಆಸೆ ಏನಿರಲು ಸಾಧ್ಯ ಎಂದು, ನನ್ನನ್ನು ಒಂದು ಮಾತೂ ಕೇಳದೆ, ಮೇಲಿನವರ ಕೈಕಾಲು ಹಿಡಿದು ಅಲ್ಲಿಗೇ ಹಾಕಿಸಿದ್ದರು. ತಿರುವನಂತಪುರದಿಂದಾದರೆ ವಾರಕ್ಕೊಮ್ಮೆ ಬಂದುಹೋಗಬಹುದಿತ್ತು. ಇನ್ನು ತಿಂಗಳಿಗೊಮ್ಮೆ ಬಂದರೆ ಹೆಚ್ಚು.

ಹೆಂಡತಿ ಆರ್ಡರನ್ನು ಎರಡು ಸಲ ಓದಿದಳು. ಕಚೇರಿಯ ವಿಳಾಸದ ಕೆಳಗೆ ಬೆರಳಿಟ್ಟು ನನಗೆ ತೋರಿಸಿದಳು. ಕಾಸರಗೋಡು, ಕಣ್ಣಾನೂರು ಜಿಲ್ಲೆ, ಕೇರಳ.

“ಸರಕಾರದವರು ಸರಿಯಾಗಿ ಬರೆದಿದ್ದಾರೆ ನೋಡಿ” ಎಂದಳು. ಬಾಕಿ ಇಟ್ಟಿದ್ದ ಜಗಳವನ್ನು ಅವಳು ಮಾಡಲೇ ಇಲ್ಲ.

ಅಮೆರಿಕದ ಸುದ್ದಿ ಬರೆದ ಕಾಗದ ನನಗೆ ಬಂದದ್ದು ಆ ವಿಳಾಸಕ್ಕೇ. ಅಧ್ಯಕ್ಷರ ಛೀಮಾರಿಯನ್ನೆಲ್ಲ ನಗಾಡಿಕೊಂಡು ಬರೆದು, ಕೊನೆಯಲ್ಲಿ ಎರಡು ಸಾಲು ಸೇರಿಸಿದ್ದಳು. ಆ ಅಮೆರಿಕದವನು ಎಲ್ಲರೆದುರು ಒಪ್ಪಿಕೊಂಡನಂತೆ. ಮಗಳು ಈಗೀಗ ಮಾಮನ್ ಎಲ್ಲಿ ಎಂದು ಕೇಳುವುದಿಲ್ಲ.

ಇನ್ನೊಬ್ಬನಿಗೆ ಎರಡು ಹಾಳೆ ಧೈರ್ಯ ಬರೆದುಕೊಟ್ಟವನಿಗೆ ಆ ಕಾಗದಕ್ಕೆ ಉತ್ತರ ಬರೆಯಲು ಹದಿನೈದು ದಿನ ಬೇಕಾಯಿತು.