ಸಾವಿನ ಸುದ್ದಿ ಒಯ್ಯುತ್ತಿದ್ದ ನಮ್ಮಪ್ಪ

ನಮ್ಮಪ್ಪನನ್ನು ಕಂಡರೆ ಜನ ಅಳುತ್ತಿದ್ದರು. ಅವನೇನು ಕೆಟ್ಟವನಲ್ಲ, ಯಾರ ಮೇಲೂ ಕೈ ಎತ್ತಿದವನಲ್ಲ. ತೊರಗಲ್ ಕೋಟೆಯ ಕೆಳಗಿನ ನಮ್ಮೂರಿನಲ್ಲಿ ಯಾರಾದರೂ ಸತ್ತರೆ ಬೀಗರ ಊರುಗಳಿಗೆ ಸುದ್ದಿ ಮುಟ್ಟಿಸುವುದು ನಮ್ಮ ಮನೆತನದ ಪಾಲಿಗೆ ಬಂದ ಬಿಟ್ಟಿ ಚಾಕರಿಯಾಗಿತ್ತು. ಅಂಗಳದ ಹೊರಗೆ ನಿಂತು, ರುಮಾಲು ಬಿಚ್ಚಿ, ಹೋದವರ ಹೆಸರು ಕೂಗಿ ಹೇಳಬೇಕು. ಮಾತು ಅಲ್ಲಿಯವರೆಗೆ ಹೋಗುತ್ತಲೇ ಇರಲಿಲ್ಲ ಬಿಡಿ. ಓಣಿಯ ತಿರುವಿನಲ್ಲಿ ಅಪ್ಪ ಕಾಣಿಸಿದರೆ ಸಾಕು, ಮನೆಯೊಳಗೆ ಬೊಬ್ಬೆ ಏಳುತ್ತಿತ್ತು. ಸಣ್ಣ ಮಕ್ಕಳು ಅವನನ್ನು ಕಂಡು ಓಡಿಹೋಗುತ್ತಿದ್ದರು. ಮನೆಗೆ ಬಂದು ನಮ್ಮವ್ವನ ಮುಂದೆ ಅವನು ಹೇಳಿಕೊಳ್ಳುತ್ತಿದ್ದದ್ದು ಅದೊಂದನ್ನೇ: ‘ಇವತ್ತೂ ಹುಡುಗೂರು ಓಡಿದುವು ನೋಡ.’

ಎಪ್ಪತ್ತರ ದಶಕದ ಮೊದಲ ವರ್ಷಗಳವು. ಸವದತ್ತಿ ಸಂತೆಗೆ ಹೋದ ಅಪ್ಪ ಒಬ್ಬರು ಪಾದ್ರಿಗಳ ಮಾತು ಕೇಳಿ ಬಂದ. ಮತ್ತೆ ಹೋದ, ಮತ್ತೆ ಕೇಳಿದ. ಕೊನೆಗೆ ಮಲಪ್ರಭೆಯಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡು ನೆಟ್ಟಗೆ ಊರ ಚಾವಡಿಗೆ ಹೋಗಿ, ‘ಇನ್ನ ಮ್ಯಾಲೆ ನಾ ಸುದ್ದಿ ಒಯ್ಯಾಂಗಿಲ್ರಿ. ಯೇಸುಸ್ವಾಮಿ ನನ್ನ ಬಿಡಿಸ್ಯಾನ’ ಅಂದ. ಊರು ಮೊದಲು ನಕ್ಕಿತು, ಆಮೇಲೆ ಸಿಟ್ಟಿಗೆದ್ದಿತು. ಊರ ಗೌಡರ ಮನೆಯ ಹಿರಿಯಾಕೆ ಗೌಡಶಾನಿ ಹೇಳಿ ಕಳಿಸಿದ್ದೇ ತಡ, ಅಂಗಡಿಯವನು ನಮಗೆ ಉಪ್ಪು, ಎಣ್ಣೆ ಕೊಡುವುದನ್ನು ನಿಲ್ಲಿಸಿದ. ನನಗೆ ಮಾತ್ರ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಬೈಲಹೊಂಗಲದಲ್ಲಿ ಕಾಲೇಜು ಓದುತ್ತಿದ್ದ ನಾನು ಗೆಳತಿಯರಿಗೆಲ್ಲ ನಮ್ಮಪ್ಪ ಹೀಗೆ ಅಂದ ಅಂತ ಹೇಳಿಕೊಂಡು ತಿರುಗಿದೆ.

ಅಂಥ ಅಪ್ಪ ಒಂದು ದಿನ ಆ ಗೌಡಶಾನಿಯನ್ನೇ ಎತ್ತಿಕೊಂಡು ಬೈಲಹೊಂಗಲದ ದವಾಖಾನೆಗೆ ಬಂದ! ಮುದುಕಿಗೆ ವಾಂತಿಭೇದಿ. ಊರವರು ಹತ್ತಿರ ಹೋಗಲು ಹೆದರಿದ್ದರು. ಮಗ ಜೊತೆಗೆ ಬಂದಿದ್ದನಾದರೂ ಮೂಗಿಗೆ ಪಂಚೆಯ ಚುಂಗು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದ. ಒಳಗೆ ಅವಳ ಬಟ್ಟೆ ಬದಲಿಸುವವನು, ಬಳಿಯುವವನು, ತೊಳೆಯುವವನು ಎಲ್ಲ ನಮ್ಮಪ್ಪನೇ. ಸುದ್ದಿ ಕೇಳಿ ಕಾಲೇಜಿನಿಂದ ಓಡಿಬಂದ ನಾನು ಇದನ್ನು ಕಂಡೆ. ಹೊರಗೆ ಕರೆದು ಬಾಯಿಗೆ ಬಂದಂತೆ ಅಂದೆ.

‘ನಿನಗ ಬುದ್ಧಿ ಐತೇನಪಾ? ನಮಗ ಉಪ್ಪು ಬಂದ್ ಮಾಡಿಸಿದಾಕಿ ಆಕಿ. ಚಾಕರಿ ಬಿಟ್ಟೆ ಅಂದಿ, ಈಗ ಆಕಿ ಹೇಲು ಬಳ್ಯಾಕ ಕುಂತೀ?’

ನನ್ನನ್ನು ತಂಗಿ ಅಂತಲೇ ಕರೆಯುವ ಅಪ್ಪ ಕೈ ತೊಳೆದುಕೊಳ್ಳುತ್ತಲೇ ಹೇಳಿದ: ‘ಅವಾಗ ಒಲ್ಲೆ ಅನ್ನಾಕ ಬರತಿದ್ದಿಲ್ಲ ತಂಗಿ. ಈಗ ಬರತೈತಿ. ಅದಕ್ಕ ಮಾಡಾಕ ಹತ್ತೇನಿ.’

ಬಿಡುಗಡೆ ಅಂದರೆ ನಮ್ಮನ್ನು ತುಳಿದವರಿಗೆ ಬೆನ್ನು ತಿರುಗಿಸುವುದು ಅಂತ ನಾನು ತಿಳಿದಿದ್ದೆ. ಇವನದು ಬೇರೆಯೇ ಲೆಕ್ಕ. ಓದು ಬಾರದ ಅಪ್ಪ ಸಂಜೆ ಮುದುಕಿಯ ಹಾಸಿಗೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ‘ಯಪ್ಪಾ ಸ್ವಾಮಿ, ಈಕಿನ್ನ ಉಳಸ’ ಎಂದಷ್ಟೇ ಪ್ರಾರ್ಥಿಸುತ್ತಿದ್ದ.

ಮುದುಕಿ ಉಳಿದಳು. ಗಂಜಿ ಕುಡಿಯುವಂತಾದ ಮೇಲೆ ಮಗಳನ್ನು ನೋಡಬೇಕೆಂದು ಹಟ ಹಿಡಿದಳು. ಮಗಳನ್ನು ಕೊಟ್ಟದ್ದು ಎಂ.ಕೆ. ಹುಬ್ಬಳ್ಳಿಯ ಹತ್ತಿರದ ಹಳ್ಳಿಗೆ. ಮಗ ಬಿತ್ತನೆಗೆ ಅಂತ ಊರಿಗೆ ಹೋಗಿಬಿಟ್ಟಿದ್ದ. ‘ನೀನಾ ಹೋಗಿ ಕರಕೊಂಡು ಬಾರೊ’ ಎಂದಳು. ಅಪ್ಪ ಒಗೆದ ಅಂಗಿ ಹಾಕಿಕೊಂಡು, ಆ ಮನೆಯ ಮಕ್ಕಳಿಗೆ ಅಂತ ಬತ್ತಾಸು ಕಟ್ಟಿಸಿಕೊಂಡ. ಇವನ ಹುರುಪು ನೋಡಿ ನಾನೂ ಕಿತ್ತೂರ ಕಡೆಯ ಬಸ್ಸು ಹತ್ತಿದೆ. ಆಗುವುದು ಏನೆಂದು ಕಳಿಸಿದ ಮುದುಕಿಗೂ ಹೊಳೆಯಲಿಲ್ಲ, ಹೊರಟ ನಮಗೂ ಹೊಳೆಯಲಿಲ್ಲ.

ಓಣಿಯ ತಿರುವು ದಾಟಿದೆವು. ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಹೆಂಗಸು ಅಪ್ಪನನ್ನು ನೋಡಿದಳು. ಕೈಯಲ್ಲಿದ್ದ ಮೊರ ಬಿತ್ತು. ‘ಅಯ್ಯಯ್ಯೋ, ಬಂದನಲ್ಲೇ’ ಎಂದು ಚೀರಿದಳು. ಅಷ್ಟೇ. ಒಳಗಿನಿಂದ ಮಗಳು ಹಿಟ್ಟಿನ ಕೈಯಲ್ಲೇ ಓಡಿಬಂದವಳು ‘ನಮ್ಮವ್ವಾ’ ಎಂದು ಎದೆ ಎದೆ ಬಡಿದುಕೊಂಡು ಹೊಸ್ತಿಲ ಮೇಲೆ ಕುಸಿದಳು. ‘ಇಲ್ರೀ ಅವ್ವಾರ, ಅದಾರ್ರಿ, ಅರಾಮ ಅದಾರ್ರಿ!’ ಅಪ್ಪ ಕೂಗಿದ. ಯಾರು ಕೇಳುತ್ತಾರೆ? ಸೂತಕದ ಮನೆಯಲ್ಲಿ ಒಲೆ ಉರಿಯಬಾರದೆಂದು ಯಾರೋ ನೀರು ಸುರಿದ ವಾಸನೆ ಬಂತು. ಕಬ್ಬಿನ ಗದ್ದೆಯಿಂದ ಗಂಡಸರು ಓಡಿ ಬಂದರು. ಒಬ್ಬ ಮುದುಕ ಸುದ್ದಿ ತಂದವನಿಗೆ ಕೊಡುವ ಒಂದಿಷ್ಟು ಜೋಳ ತಂದು ಅಪ್ಪನ ಕಾಲ ಬಳಿ ಸುರಿದು, ‘ಸುದ್ದಿ ಮುಟ್ಟಿತು, ಹೋಗು’ ಎಂದ.

ಅಪ್ಪನ ಮುಖ ನೋಡಿದೆ. ಬದುಕಿದ ಸುದ್ದಿ ತಂದರೂ ಅವನು ಈ ಜನಕ್ಕೆ ಸಾವೇ. ನದಿಯಲ್ಲಿ ಮುಳುಗಿ ಎದ್ದರೂ ಇವರ ಕಣ್ಣಿಂದ ಎದ್ದು ಬರಲಾಗಲಿಲ್ಲವಲ್ಲ ಅನ್ನಿಸಿತು. ಕರೆದುಕೊಂಡು ಹೋಗಿಬಿಡಬೇಕೆಂದು ಅವನ ತೋಳು ಹಿಡಿದೆ.

ಅಪ್ಪ ಕೊಸರಿಕೊಂಡ. ಅಂಗಳಕ್ಕೆ ಕಾಲಿಟ್ಟ. ಮೆಟ್ಟಿಲು ಹತ್ತಿದ. ‘ಏ, ಏ!’ ಎಂದು ಯಾರೋ ಅಂದರು. ಅವನು ಹೊಸ್ತಿಲ ಬಳಿ ನೆಲಕ್ಕೆ ಕೂತು ಅವಳ ಹಿಟ್ಟಿನ ಕೈಗಳೆರಡನ್ನೂ ಹಿಡಿದುಕೊಂಡ. ಮುಟ್ಟಿಬಿಟ್ಟ! ಅಳುತ್ತಿದ್ದವರೆಲ್ಲ ದಂಗಾಗಿ ಬಾಯಿ ಮುಚ್ಚಿದರು.

‘ತಂಗಿ, ನನ್ನ ಮಾರಿ ನೋಡವಾ. ನಿಮ್ಮವ್ವ ಅದಾಳ. ಮುಂಜಾನೆ ಗಂಜಿ ಸಪ್ಪಗೈತಿ ಅಂತ ನನ್ನ ಬೈದಾಳ.’

ಅವಳು ಕಣ್ಣು ಪಿಳಿಪಿಳಿ ಮಾಡಿದಳು. ‘ಬೈದಳಾ?’

‘ಬೈದಳವಾ. ಬಾಯಿ ಮೊದಲಿನಂಗಾ ಐತಿ.’

ಅವಳಿಗೆ ನಗು ಬಂತು. ಅಳು ನಿಲ್ಲುವ ಮೊದಲೇ ಬಂತು. ಅವಳನ್ನು ನೋಡಿ ಅಪ್ಪನೂ ನಕ್ಕ. ನಾವು ಹೋದ ಮೇಲೆ ಆ ಹೊಸ್ತಿಲಿಗೆ ಸಗಣಿ ಹಾಕಿ ಸಾರಿಸಿರಬಹುದು. ಸಾರಿಸಲಿ.

ಗಂಡನ ಜೊತೆ ಹಿಂದಿನಿಂದಲೇ ಬರುವುದಾಗಿ ಅವಳು ಹೇಳಿದಳು. ನಾವು ಹೊರಟೆವು. ಸಾವಿನ ಸುದ್ದಿ ತಂದವನು ಹೊರಡುವಾಗ ‘ಬರತೇನಿ’ ಅನ್ನುವಂತಿಲ್ಲ. ಮತ್ತೆ ಬಾ ಅಂತ ಅವನನ್ನು ಯಾರು ಕರೆದಾರು? ಬೀಗರೂರಿನ ಒಂದು ಬಾಗಿಲಲ್ಲೂ ಅಪ್ಪ ಆ ಮಾತು ಆಡಿದವನಲ್ಲ. ಅಂಗಳದ ಅಂಚಿಗೆ ಹೋದವನು ಅಲ್ಲೇ ನಿಂತ. ತಿರುಗಿದ. ಹೇಳಲೋ ಬೇಡವೋ ಎಂಬಂತೆ ಗಂಟಲು ಸರಿಮಾಡಿಕೊಂಡ.

‘ಬರತೇನಿ ತಂಗಿ’ ಎಂದ.

ಎಲ್ಲರೂ ಅವಳ ಮುಖ ನೋಡಿದರು. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು ಬಾಗಿಲ ಹೊರಗೆ ಬಂದಳು.

‘ಬರ್ರಿ’ ಎಂದಳು. ‘ಮತ್ತ ಬರ್ರಿ.’