ಗಟಾರದ ಮೇಲೆ ಹಾಸಿದ ಬಾಗಿಲು

ವಾರ್ಡಿನ ಮೆಂಬರ್ ನಮ್ಮ ಓಣಿಗೆ ಬಂದು, ಮೊದಲು ಯಾವ ಕೆಲಸ ಆಗಬೇಕು ಎಂದು ಜನರನ್ನೇ ಕೇಳುತ್ತಾರಂತೆ ಎಂಬ ಸುದ್ದಿ ತಂದವರು ಎದುರು ಮನೆಯ ಕಾಕಾ. ನಾನು ಆಗ ಪಡಸಾಲೆಯಲ್ಲಿ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದೆ. ಮೊರ ಕೆಳಗಿಡದೆ ನಕ್ಕುಬಿಟ್ಟೆ. ಖುಷಿಯ ನಗುವಲ್ಲ ಅದು. ನನ್ನ ತವರೂರು ಕಿಣ್ಣಿ ಸುಲ್ತಾನದಿಂದ ಆಳಂದದ ಈ ಓಣಿಗೆ ಸೊಸೆಯಾಗಿ ಬಂದಾಗಿನಿಂದ ನಾವೇ ಹೋಗಿ ಹೇಳಿದ್ದೇ ಹೇಳಿದ್ದು. ನಳ ಬಂದಿಲ್ಲ, ದೀಪ ಹತ್ತಿಲ್ಲ, ಗಟಾರು ಬಳಿದಿಲ್ಲ. ಕೇಳಿಸಿಕೊಂಡವರು ಕೇಳಿಸಿಕೊಂಡರು, ಬಿಟ್ಟವರು ಬಿಟ್ಟರು. ಹೇಳಿ ಹೇಳಿ ಬಾಯಿ ನೋಯಿಸಿಕೊಂಡವರ ಹತ್ತಿರ ಈಗ ಅವರೇ ಬಂದು ಕೇಳುತ್ತಾರೆಂದರೆ ನಗದೆ ಏನು ಮಾಡಲಿ?

"ನಗಬ್ಯಾಡ ತಂಗಿ," ಎಂದರು ಕಾಕಾ. "ಹೊಸಾ ಮೆಂಬರ್. ಹೆಣ್ಮಗಳು. ಓಣಿಗೊಂದು ಕೆಲಸ ನೀವೇ ಆರಿಸಿ ಹೇಳ್ರಿ ಅನ್ನಾಕತ್ತಾಳ. ನಿಮ್ಮ ಮನಿ ಮುಂದ, ಬೇವಿನ ಗಿಡದ ನೆರಳಾಗ ಮೀಟಿಂಗ್ ಇಟ್ಟೇವಿ."

ನಮ್ಮ ಓಣಿಗೆ ಏನು ಬೇಕು ಎಂಬುದು ನನಗೆ ಯೋಚಿಸಿ ಹೇಳಬೇಕಾದ ಮಾತಾಗಿರಲಿಲ್ಲ. ನಮ್ಮ ಹೊಸ್ತಿಲಿಗೂ ಓಣಿಯ ದಾರಿಗೂ ನಡುವೆ ಗಟಾರು ಹರಿಯುತ್ತದೆ. ಮೊದಲು ಅದು ಸಣ್ಣದಿತ್ತು, ಮೇಲೆ ಅಗಲವಾದ ಫರಸಿ ಕಲ್ಲು ಹಾಸಿದ್ದೆವು. ಗಟಾರು ದೊಡ್ಡದು ಮಾಡುತ್ತೇವೆಂದು ಬಂದ ಗುತ್ತಿಗೆಯವರು ಆ ಕಲ್ಲು ಕಿತ್ತು ಒಡೆದುಹಾಕಿದರು. ಅಗೆದರು, ಎರಡೂ ಬದಿ ಸಿಮೆಂಟು ಮೆತ್ತಿದರು. ಮೇಲೆ ಮುಚ್ಚುವ ಕೆಲಸ ಆಮೇಲೆ ಬರುತ್ತದೆ, ಅಲ್ಲಿಯ ತನಕ ನೀವಾಗಿ ಏನೂ ಕಟ್ಟಬೇಡಿ ಎಂದು ಹೇಳಿ ಹೋದರು. ಹೋದವರು ಹೋದರು. ಒಂದೊಂದು ಮನೆಯವರು ಒಂದೊಂದು ಸಣ್ಣ ಕಲ್ಲು ಅಡ್ಡ ಇಟ್ಟುಕೊಂಡಿದ್ದೇವೆ. ನಡೆಯಬಲ್ಲವರು ಅದರ ಮೇಲೆ ಕಾಲಿಟ್ಟು ದಾಟುತ್ತಾರೆ.

ನನ್ನ ಗಂಡನಿಗೆ ಅದು ಆಗುವುದಿಲ್ಲ. ಬಸ್ಸಿನ ಕಂಡಕ್ಟರ್ ಆಗಿದ್ದವರು. ಆಳಂದ, ಅಫಜಲಪುರ, ಜೇವರ್ಗಿ ಎಂದು ಕೂಗಿ ಕೂಗಿ ಗಟ್ಟಿಯಾದ ಗಂಟಲು ಅವರದು. ಮನೆಯಲ್ಲಿ ಉಪ್ಪು ಕೇಳಿದರೂ ಓಣಿಗೆಲ್ಲ ಕೇಳುತ್ತಿತ್ತು. ಲಕ್ವಾ ಹೊಡೆದ ಮೇಲೆ ಬಲಗೈ, ಬಲಗಾಲು ಹೋದವು. ಮಾತು ಪೂರ್ತಿ ಹೋಗಲಿಲ್ಲ, ಆದರೆ ಒಂದೊಂದು ಶಬ್ದಕ್ಕೂ ಅವರು ಹುಡುಕಾಡಬೇಕು. ಜೇವರ್ಗಿಗೆ ಕೊಟ್ಟ ಮಗಳು, ಅಳಿಯ ಸೇರಿ ಗಾಲಿ ಕುರ್ಚಿ ತಂದುಕೊಟ್ಟರು. ಅದರಲ್ಲಿ ಕೂತು ಪಡಸಾಲೆಯಿಂದ ಹೊಸ್ತಿಲ ತನಕ ಬರುತ್ತಾರೆ. ಮುಂದೆ ಗಟಾರು. ದವಾಖಾನೆಗೆ ಹೋಗಬೇಕಾದಾಗ ಓಣಿಯ ಗಂಡಸರು ಬಂದು ತೊಗರಿ ಚೀಲ ಎತ್ತಿದಂತೆ ಎತ್ತಿ ದಾಟಿಸುತ್ತಾರೆ. ಆಗ ಅವರು ಕಣ್ಣು ಮುಚ್ಚಿಕೊಂಡುಬಿಡುತ್ತಾರೆ. ಸುಮ್ಮನೆ ಹೊರಗೆ ಹೋಗಿ ಕೂರೋಣ, ಎತ್ತಲು ಕರೆಯಲೇ ಎಂದು ಕೇಳಿದರೆ, "ಬ್ಯಾಡ" ಎಂಬ ಮಾತು ಮಾತ್ರ ಹುಡುಕದೆ ಬರುತ್ತದೆ.

ಬೇವಿನ ಗಿಡ ನಮ್ಮ ಬಾಗಿಲಿಗೆ ಎದುರೇ ಇದೆ. ಡ್ಯೂಟಿ ಮುಗಿಸಿ ಬಂದರೆ ಅದರ ಕೆಳಗೇ ಅವರ ಸಂಜೆ. ನಾಲ್ಕು ಜನರನ್ನು ಕೂರಿಸಿಕೊಂಡು, ಅಫಜಲಪುರದ ದಾರಿಯಲ್ಲಿ ಟಿಕೆಟ್ಟಿಗೆ ಜಗಳ ತೆಗೆದವನ ಕತೆ ಹೇಳಿ ನಗಿಸುವುದು. ಈಗ ಆ ಗಿಡವನ್ನು ಕಿಟಕಿಯಿಂದ ನೋಡುತ್ತಾರೆ. ನೋಡಿ ನೋಡಿ ನನಗೇ ಸಾಕಾಗಿ ಹೋಗಿದೆ, ಅವರಿಗೆ ಹೇಗಿರಬೇಡ.

ಹೀಗಾಗಿ ಮೀಟಿಂಗಿನಲ್ಲಿ ನಾನು ಗಟಾರಿನ ಮಾತು ಎತ್ತುವುದೆಂದು ಗಟ್ಟಿ ಮಾಡಿಕೊಂಡೆ. ಓಣಿಯ ಹೆಂಗಸರೂ ಹ್ಞೂಂ ಎಂದರು. ಆದರೆ ಮೀಟಿಂಗಿನ ದಿನ ಬೆಳಿಗ್ಗೆ ಏನಾಯಿತೆಂದರೆ, ಇಡೀ ಓಣಿಗೆ ಮದುವೆಮನೆಯ ಕಳೆ ಬಂತು. ಎಂದೂ ಕಸಬರಿಗೆ ಮುಟ್ಟದವರು ಕಸ ಹೊಡೆದರು. ಗಟಾರು ಬಳಿದು ಸುಣ್ಣದ ಪುಡಿ ಚೆಲ್ಲಿದರು. ಹೆಂಗಸರು ನೀರು ಹೊಡೆದು ರಂಗೋಲಿ ಹಾಕಿದರು. ಬರುವವಳು ಹೆಣ್ಣುಮಗಳು, ಮೊದಲ ಸಲ ಬರುತ್ತಿದ್ದಾಳೆ, ಮನೆಯೊಳಗೆ ಕರೆದು ಉಡಿ ತುಂಬದೆ ಕಳಿಸಲಿಕ್ಕೆ ಬರುತ್ತದೆಯೇ? ಮೀಟಿಂಗ್ ನಮ್ಮ ಮನೆ ಮುಂದೆ ಇದ್ದದ್ದರಿಂದ ಉಡಿ ತುಂಬುವುದು ನಮ್ಮ ಮನೆಯಲ್ಲೇ ಎಂದಾಯಿತು. ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ ಎಲ್ಲ ಜೋಡಿಸಿದೆ.

ಆಗ ಕಾಕಾನ ಕಣ್ಣು ಗಟಾರಿನ ಮೇಲಿನ ಸಣ್ಣ ಕಲ್ಲಿಗೆ ಬಿತ್ತು.

"ಈ ಕಲ್ಲಿನ ಮ್ಯಾಲ ಆಕಿಗೆ ದಾಟಸ್ತಿಯೇನು? ಜಾರಿ ಬಿದ್ದಳಂದ್ರ ಓಣಿ ಮರ್ಯಾದಿ ಏನಾಗ್ತದ?"

ಕಾಕಾನ ಅಂಗಳದಲ್ಲಿ ಒಂದು ಸಾಗವಾನಿ ಬಾಗಿಲಿದೆ. ಹಳೆಯ ಮನೆ ಕೆಡವಿದಾಗ ತೆಗೆದದ್ದು. ಹೊಸ ಮನೆಗೆ ಕೂರಿಸಬೇಕೆಂದು ಗೋಡೆಗೆ ಆನಿಸಿ, ತಾಡಪತ್ರಿ ಹೊದಿಸಿ ಇಟ್ಟಿದ್ದಾರೆ. ಯಾರಾದರೂ ಅದಕ್ಕೆ ಸೈಕಲ್ ಆನಿಸಿದರೂ ಆನಿಸಿದವನ ಹಿರಿಯರನ್ನೆಲ್ಲ ನೆನೆಸಿ ಬೈದುಬಿಡುತ್ತಾರೆ. ಅಂಥ ಬಾಗಿಲನ್ನು ಅವತ್ತು ತಾವೇ ಮುಂದೆ ನಿಂತು ಗಂಡಸರಿಂದ ಹೊರಿಸಿ ತಂದು ನಮ್ಮ ಗಟಾರಿನ ಮೇಲೆ ಅಡ್ಡ ಹಾಕಿಸಿದರು. ಬಾಗಿಲಿನ ಮೇಲೆ ಕಾಲಿಡಬಾರದೆಂದು ಮಠದಿಂದ ಜಮಖಾನೆ ತರಿಸಿ ಅದರ ಮೇಲೆ ಹಾಸಿದರು. ನಮ್ಮ ಹೊಸ್ತಿಲಿನಿಂದ ಬೇವಿನ ಗಿಡದ ತನಕ ಒಂದೇ ಸಮನೆ ಜಮಖಾನೆ. ಕೆಳಗೆ ಗಟಾರು ಇದೆಯೆಂದು ನನಗೇ ಮರೆತುಹೋಗುವ ಹಾಗಿತ್ತು.

ನನ್ನ ಗಂಡ ಹೊಸ್ತಿಲಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದರು. ಎಡಗೈಯಿಂದ ಗಾಲಿ ಹಿಡಿದು ಸ್ವಲ್ಪ ಮುಂದೆ ಸರಿದರು. ನಾನು ಹಿಂದಿನಿಂದ ಹೋಗಿ ಕುರ್ಚಿ ತಳ್ಳಿದೆ. ಗಡಗಡ ಎಂದು ಬಾಗಿಲ ಮೇಲೆ ಹಾಯ್ದು ಕುರ್ಚಿ ಗಿಡದ ಕೆಳಗೆ ಹೋಗಿ ನಿಂತಿತು. ಯಾರೂ ಎತ್ತಲಿಲ್ಲ, ಯಾರೂ ಹಿಡಿಯಲಿಲ್ಲ. ಅವರು ಗಿಡದ ಕೊಂಬೆಗಳನ್ನು ನೋಡಿದರು, ಓಣಿಯ ಆ ತುದಿ ನೋಡಿದರು, ಈ ತುದಿ ನೋಡಿದರು. ಆಮೇಲೆ ಕಾಕಾನ ಕಡೆ ತಿರುಗಿ, ಹುಡುಕಿ ಹುಡುಕಿ, "ಅಫ...ಜಲಪುರ" ಎಂದರು. ಎಲ್ಲರೂ ನಕ್ಕರು, ಅವರೂ ನಕ್ಕರು. ನನಗೆ ಅಳು ಒತ್ತಿಬಂದು ಚಹಾದ ನೆಪ ಮಾಡಿ ಒಳಗೆ ಹೋದೆ.

ಮೆಂಬರ್ ಬಂದಳು. ನನ್ನ ಮಗಳ ವಯಸ್ಸಿನವಳು, ಮಾತಿನಲ್ಲಿ ಮೆತ್ತಗೆ. ಜಮಖಾನೆಯ ಮೇಲೆ ಹಾಯ್ದು ಒಳಗೆ ಬಂದಳು, ಉಡಿ ತುಂಬಿಸಿಕೊಂಡಳು, ನನ್ನ ಕಾಲಿಗೆ ಬಗ್ಗಿದಳು, ಮತ್ತೆ ಜಮಖಾನೆಯ ಮೇಲೆ ಹಾಯ್ದು ಹೋಗಿ ಗಿಡದ ಕೆಳಗೆ ಹಾಕಿದ್ದ ಕುರ್ಚಿಯಲ್ಲಿ ಕೂತಳು. ನಾನು ಒಳಗೆ ಚುರುಮುರಿ ನೆನೆಸಿ ಸುಸಲಾ ಒಗ್ಗರಣೆ ಹಾಕುತ್ತ ಕಿವಿ ಹೊರಗಿಟ್ಟಿದ್ದೆ.

"ಹೇಳ್ರಿ, ನಿಮ್ಮ ಓಣಿಗೆ ಮೊದಲ ಏನ್ ಬೇಕ್ರಿ?" ಎಂದು ಕೇಳಿದ್ದು ಕೇಳಿಸಿತು.

ಈಗಷ್ಟೇ ಉಡಿ ತುಂಬಿಸಿಕೊಂಡ ಹೆಣ್ಣುಮಗಳ ಮುಂದೆ ಗಟಾರಿನ ಹೊಲಸು ಮಾತು ಹೇಗೆ ಎತ್ತುವುದೆಂದು ಎಲ್ಲರಿಗೂ ಸಂಕೋಚ. "ಎಲ್ಲಾ ಛಲೋ ಅದರಿ, ನೀವು ಬಂದ್ರಲ್ಲ, ಸಾಕು," ಎಂದ ಒಬ್ಬ. ಅಯ್ಯ ಶಿವನೇ! ಮೊನ್ನೆ ಸೊಳ್ಳೆಯ ಕಾಟಕ್ಕೆ ಇಡೀ ಊರನ್ನೇ ಬೈದ ಮನುಷ್ಯ ಅವನು. ಆಕೆ ನನ್ನ ಗಂಡನ ಕಡೆ ತಿರುಗಿ, "ಕಾಕಾರ, ನೀವು ಹೇಳ್ರಿ," ಎಂದಳು. ನಾನು ಸೌಟು ಹಿಡಿದುಕೊಂಡೇ ಬಾಗಿಲಿಗೆ ಓಡಿಬಂದೆ. ಹೇಳಿ, ಹೇಳಿ ಎಂದು ಮನಸ್ಸಿನಲ್ಲೇ ಬಡಬಡಿಸಿದೆ. ಅವರು ತುಟಿ ಕೂಡಿಸಿದರು, ಬಿಟ್ಟರು, ಮತ್ತೆ ಕೂಡಿಸಿದರು.

"ಮೊದಲ... ಚಹಾ... ಕುಡೀರಿ," ಎಂದರು.

ಎಲ್ಲರೂ ಭಲೇ ಎಂದರು. ನಾನು ಟ್ರೇ ಹಿಡಿದು ಬರುವಷ್ಟರಲ್ಲಿ ಕಾಕಾ ಓಣಿಯ ಬಾಯಿಗೆ ಒಂದು ಸ್ವಾಗತ ಕಮಾನು ಕಟ್ಟಿಸಿಕೊಡ್ರಿ ಎಂದು ಹೇಳಿ, ಎಲ್ಲರೂ ಕೈಯೆತ್ತಿ ಮುಗಿಸಿದ್ದರು. ಕಮಾನು! ನಾನು ಗಟಾರು ಎಂದು ಬಾಯಿ ತೆರೆದೆ, ಕಾಕಾ, "ಜರಾ ಸಕ್ರಿ ಹಾಕವ್ವಾ," ಎಂದು ನನ್ನ ಮಾತನ್ನು ಅಲ್ಲೇ ಮುಚ್ಚಿದರು. ಮೈಯೆಲ್ಲ ಉರಿದುಹೋಯಿತು. ಆದರೆ ಬಂದವರ ಮುಂದೆ ಹಿರಿಯರಿಗೆ ಎದುರಾಡಲು ಆಗಲಿಲ್ಲ.

ಸಂಜೆಯೇ ಬಾಗಿಲು ಎತ್ತಿಕೊಂಡು ಹೋದರು. ಅದಕ್ಕೆ ಮೊದಲು ನನ್ನ ಗಂಡನನ್ನು ಒಳಗೆ ತಳ್ಳಬೇಕಾಯಿತು. ಅವರು ಗಾಲಿ ಗಟ್ಟಿಯಾಗಿ ಹಿಡಿದುಕೊಂಡರು. ನಾನು ಬೆರಳು ಬಿಡಿಸಿದೆ. ಇನ್ನೊಂದು ದಿನ ಇರಲಿ ಬಿಡಿ ಎಂದು ಕಾಕಾನನ್ನು ಕೇಳಲು ನಾಲಿಗೆ ಏಳಲಿಲ್ಲ. ಬಂದವರಿಗೆಂದು ಹಾಸಿದ್ದು ಅದು. ಮನೆಯವರಿಗೆ ಯಾರು ಹಾಸುತ್ತಾರೆ?

ಅವತ್ತಿನಿಂದ ನನ್ನ ಗಂಡ ದಿನಾ ಬೆಳಿಗ್ಗೆ ಕೇಳತೊಡಗಿದರು, "ಮೀಟಿಂಗ್... ಯಾವಾಗ?" ಮೊದಮೊದಲು ಬರುತ್ತದೆ ಬಿಡಿ ಎಂದೆ. ಆಮೇಲೆ ಗದರಿದೆ. ಆಮೇಲೆ ಕೇಳಿಸದ ಹಾಗೆ ಇದ್ದೆ.

ಹೀಗೇ ಇರುವಾಗ ಮೆಂಬರ್ ಮತ್ತೆ ಹೇಳಿ ಕಳಿಸಿದಳು. ಈ ಅನುದಾನದಲ್ಲಿ ಕಮಾನು ಮಾಡಲು ಬರುವುದಿಲ್ಲವಂತೆ, ಬೇರೆ ಕೆಲಸ ಹೇಳಬೇಕಂತೆ, ಕೇಳಲು ಇನ್ನೊಂದು ಸಲ ಬರುತ್ತಾಳಂತೆ. ಸುದ್ದಿ ಕೇಳಿ ನನ್ನ ಗಂಡ ತಾವೇ ಬೀರುವಿನ ಕಡೆ ಕೈ ತೋರಿಸಿ ಬಿಳಿ ಅಂಗಿ ತೆಗೆಸಿದರು. ಇಸ್ತ್ರಿ ಮಾಡಿಸು ಎಂದು ಸನ್ನೆ ಮಾಡಿದರು.

ಆಕೆ ಬರುವ ದಿನ ಬೆಳಿಗ್ಗೆ ಗಂಡಸರು ಬಾಗಿಲು ಹೊತ್ತುಕೊಂಡು ಬಂದರು. ನಾನು ಹೊಸ್ತಿಲಿಗೆ ಅಡ್ಡ ನಿಂತೆ.

"ಬಾಗಲಾ ಬ್ಯಾಡ್ರಿ ಕಾಕಾ. ಸುಣ್ಣ ಬ್ಯಾಡ, ಜಮಖಾನಿ ಬ್ಯಾಡ. ಆಕಿ ಗಟಾರ ನೋಡ್ಲಿ."

"ತಲಿ ಕೆಟ್ಟದೇನ್ ನಿನಗ? ಮನಿಗಿ ಬಂದವರಿಗೆ ಹೊಲಸು ತೋರಸ್ತಿಯೇನು?"

"ತೋರಸ್ತೀನ್ರಿ. ತೋರಸ್ಲಿಲ್ಲಂತನ ಕಮಾನು ಕೇಳಿದ್ರಿ."

ಕಾಕಾನ ಮುಖ ಕೆಂಪಾಯಿತು. "ಓಣಿ ಮರ್ಯಾದಿ ತೆಗೀತಿ ನೀ," ಎಂದು ಬಾಗಿಲು ಹೊತ್ತವರನ್ನು ಹಿಂದೆ ಕರೆದುಕೊಂಡು ಹೋದರು. ತಿರುಗಿ ನೋಡಿದರೆ ನನ್ನ ಗಂಡ ಇಸ್ತ್ರಿ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿಕೊಂಡು, ನನ್ನ ಬೆನ್ನ ಹಿಂದೆ ಗಾಲಿ ಹಿಡಿದು ತಯಾರಾಗಿ ಕೂತಿದ್ದರು. ಹೋಗುತ್ತಿದ್ದ ಬಾಗಿಲನ್ನೇ ನೋಡುತ್ತಿದ್ದರು. "ಇವತ್ತೊಂದಿನ ತಡ್ಕೋರಿ," ಎಂದೆ. "ಇದು ನಿಮ್ಮ ಸಲುವಾಗೇ ಮಾಡಾಕತ್ತೇನಿ." ಅವರು ನನ್ನ ಮುಖ ನೋಡಲಿಲ್ಲ.

ಮೆಂಬರ್ ಬಂದವಳು ಗಟಾರಿನ ಆಚೆಯೇ ನಿಂತುಬಿಟ್ಟಳು. ಕೆಳಗೆ ನೋಡಿದಳು, ಸಣ್ಣ ಕಲ್ಲು ನೋಡಿದಳು.

"ಇಲ್ಲಿ ಗಟಾರ ಇತ್ತೇನ್ರಿ ಕಾಕಿ?"

"ಇತ್ತವ್ವಾ. ಹೋದ ಸಲ ನೀವು ಅದರ ಮ್ಯಾಲೇ ನಡಕೊಂಡು ಬಂದ್ರಿ."

ಆಮೇಲೆ ನಾನು ನಿಲ್ಲಲಿಲ್ಲ. ಫರಸಿ ಒಡೆದದ್ದು, ಚೀಲ ಎತ್ತಿದಂತೆ ಎತ್ತುವುದು, ಕಿಟಕಿ, ಬೇವಿನ ಗಿಡ, ಎಲ್ಲ ಹೇಳಿದೆ. ಓಣಿಯವರು ತಲೆ ತಗ್ಗಿಸಿ ನಿಂತಿದ್ದರು. ಆಕೆ ಚಪ್ಪಲಿ ಬಿಟ್ಟು, ಸೀರೆ ಎತ್ತಿ ಹಿಡಿದು, ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡು ಆ ಕಲ್ಲು ದಾಟಿ ಬಂದಳು. ಒಳಗೆ ಬಂದು ನನ್ನ ಗಂಡನ ಪಕ್ಕದಲ್ಲಿ ಕೂತಳು. ಅವರು ಚಹಾ ಎಂದರು, ಆಕೆ ಚಹಾ ಕುಡಿದಳು. ಹೊರಗೆ ಹೋಗುವಾಗ ಓಣಿಗೆಲ್ಲ ಕೇಳುವಂತೆ, "ನಿಮ್ಮದು ಮೊದಲ ಕೆಲಸ ಇದೇ ನೋಡ್ರಿ. ಗಟಾರ ಮುಚ್ಚೋದು," ಎಂದಳು. ಯಾವಾಗ ಆದೀತು ಎಂದು ಕೇಳಿದೆ. "ಮಂಜೂರಾಗಿ ಬರಬೇಕಲ್ರಿ ಕಾಕಿ. ಬೆನ್ನ ಹತ್ತಿ ಕುಂದರ್ತೀನಿ, ಆದ್ರ ಇಂಥಾ ದಿನಾ ಅಂತ ಸುಳ್ಳು ಹೇಳಂಗಿಲ್ಲ," ಎಂದಳು. ಸುಳ್ಳು ಹೇಳಲಿಲ್ಲವೆಂಬುದೇ ನನಗೆ ದೊಡ್ಡದಾಗಿ ಕಂಡಿತು.

ಆಕೆ ಹೋದ ಮೇಲೆ ಸುಸ್ತಾಗಿ ಗೋಡೆಗೆ ಒರಗಿ ಕೂತೆ. ಗೆದ್ದೆನೋ ಸೋತೆನೋ ತಿಳಿಯಲಿಲ್ಲ. ಇನ್ನೂ ಬಿಸಿಲಿತ್ತು. ಎದ್ದು ಗಂಡನ ಅಂಗಿಯ ಒಂದು ಗುಂಡಿ ಬಿಚ್ಚಿದೆ, ಅಷ್ಟರಲ್ಲಿ ಅವರು ಎಡಗೈಯಿಂದ ನನ್ನ ಕೈ ಹಿಡಿದು ತಡೆದರು.

"ಮೀಟಿಂಗ್... ಯಾವಾಗ?"

"ಆಯ್ತಲ್ರಿ! ಈಗ ಬಂದು ಹೋದ್ರಲ್ಲ. ನಿಮ್ಮ ಬಾಜೂನೇ ಕುಂತಿದ್ರಲ್ಲ."

ಅವರು ತಲೆ ಅಲ್ಲಾಡಿಸಿದರು. ಶಬ್ದ ಹುಡುಕಿದರು. ನಾನು ಕಾದೆ.

"ಬಾಗಲಾ... ಹಾಕಿಲ್ಲ."

ಅಂಗಿಯ ಗುಂಡಿ ಮತ್ತೆ ಹಾಕಿದೆ. ಸೆರಗು ಬಿಗಿದುಕೊಂಡು, ಕಲ್ಲು ದಾಟಿ, ಎದುರು ಮನೆಗೆ ಹೋದೆ. ಕಾಕಾ ಬಾಗಿಲಿಗೆ ತಾಡಪತ್ರಿ ಹೊದಿಸಿ ಹಗ್ಗ ಬಿಗಿಯುತ್ತಿದ್ದರು. ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಕಾಕಾ, ಬಾಗಲಾ ಬೇಕಾಗಿತ್ರಿ."

"ಬೆಳಿಗ್ಗಿ ಬ್ಯಾಡ ಅಂದಿ. ಈಗ ಮತ್ತ ಯಾರ್ ಬರಾಕತ್ತಾರ?"

"ಯಾರೂ ಬರಾಕತ್ತಿಲ್ರಿ," ಎಂದೆ. "ನಮ್ಮವರು ಹೊರಗ ಹೊಂಟಾರ."

ಕಾಕಾನ ಕೈಯಲ್ಲಿದ್ದ ಹಗ್ಗ ಹಾಗೇ ನಿಂತಿತು. ಅವರು ನನ್ನನ್ನು ನೋಡಿದರು, ನಮ್ಮ ಹೊಸ್ತಿಲಲ್ಲಿ ಬಿಳಿ ಅಂಗಿ ತೊಟ್ಟು ಕೂತವರನ್ನು ನೋಡಿದರು. ಆಮೇಲೆ ಬಿಗಿದಿದ್ದ ಗಂಟು ಬಿಚ್ಚತೊಡಗಿದರು.