ರಾಗಿ ಕೋಣೆಯಲ್ಲಿ ಇಲಿ ಸತ್ತಿದೆ ಎಂದೆ

ಮಂಜುಳಾ, ಆಸ್ಪತ್ರೆಯ ಚೀಟಿಯಲ್ಲಿ ಬರೆದದ್ದನ್ನು ನಾನು ನಿನಗೆ ಹೇಳಲಿಲ್ಲ. ಬೇರೆಯದನ್ನು ಹೇಳಿದೆ. ಓದಲು ಬಾರದೆ ಅಲ್ಲ, ಮರೆತೂ ಅಲ್ಲ — ಬೇಕೆಂದೇ. ನಾಲ್ಕು ವರ್ಷವಾಯಿತು. ನನ್ನ ಬಗ್ಗೆ ನನಗೆ ಎಷ್ಟು ಹೇಸಿಗೆಯಿದೆ ಎಂದು ಯಾರಿಗೂ ಗೊತ್ತಿಲ್ಲ. ನಿನಗಂತೂ ಗೊತ್ತೇ ಇಲ್ಲ.

ಮಾಲೂರಿನ ಕಡೆಯಿಂದ ನನ್ನ ಮೈದುನ ಶಂಕರನ ಹೆಂಡತಿಯಾಗಿ ನೀನು ಬಂದು ಆಗ ಎಂಟು ತಿಂಗಳು. ಮೂರು ತಿಂಗಳ ಬಸಿರು ಇಳಿದುಹೋಯಿತು. ಶಂಕರನಿಗೆ ಫ್ಯಾಕ್ಟರಿಯಲ್ಲಿ ರಜೆ ಸಿಗಲಿಲ್ಲ. ಹಿರಿಯ ಓರಗಿತ್ತಿ ಅಂತ ನಾನು ನಿನ್ನನ್ನು ಹೊಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸ್ಕ್ಯಾನ್ ಮಾಡಿ, ಒಳಗೆ ಇನ್ನೂ ಸ್ವಲ್ಪ ಉಳಿದಿದೆ ಎಂದರು. ಅಲ್ಲಿ ಮಾತೂ ಬರಹವೂ ತಮಿಳು, ನಿನಗೆ ಅದು ಬರುತ್ತಿರಲಿಲ್ಲ. ನಾನು ಐದರವರೆಗೆ ಕನ್ನಡ, ಹತ್ತರವರೆಗೆ ತಮಿಳು ಓದಿದವಳು. ಮನೆಗೆ ಯಾವ ತಮಿಳು ಕಾಗದ ಬಂದರೂ ಓದುವವಳು ನಾನೇ. ನರ್ಸ್ ನನ್ನನ್ನೇ ಪಕ್ಕಕ್ಕೆ ಕರೆದು ಹೇಳಿದಳು. ಮಾತ್ರೆ ಕೊಡಿ, ಏಳನೇ ದಿನ ತಪ್ಪದೆ ಸ್ಕ್ಯಾನ್‌ಗೆ ಕರೆತನ್ನಿ, ಪೂರ್ತಿ ಹೋಗಿರದಿದ್ದರೆ ಕ್ಲೀನ್ ಮಾಡಬೇಕಾಗುತ್ತದೆ. ಜ್ವರ ಬಂದರೆ, ಕೆಟ್ಟ ವಾಸನೆ ಬಂದರೆ ಒಂದು ದಿನವೂ ಕಾಯಬೇಡಿ. ಅದನ್ನೇ ಚೀಟಿಯಲ್ಲೂ ಬರೆದು ಅಡಿಗೆರೆ ಎಳೆದುಕೊಟ್ಟಳು.

ಬಸ್‌ಸ್ಟ್ಯಾಂಡಿನಲ್ಲಿ ನೀನು ಕೇಳಿದೆ, "ಏನಂತ ಬರ್ದವ್ರೆ ಅಕ್ಕಾ?"

"ಮಾತ್ರೆ ನುಂಗಿದ್ರೆ ಎಲ್ಲಾ ಹೋಗ್ಬುಡ್ತದಂತೆ. ತಿರ್ಗಾ ಬರೋದೇನ್ ಬ್ಯಾಡ್ವಂತೆ."

ನನ್ನ ನಾಲಿಗೆ ತಡವರಿಸಲೂ ಇಲ್ಲ.

ಒಂಬತ್ತನೇ ದಿನ ನನ್ನ ಮಗಳು ಕಾವ್ಯಳ ಮದುವೆ ಗೊತ್ತುಮಾಡುವ ಒಪ್ಪುವೀಳ್ಯ ಇತ್ತು. ಕೃಷ್ಣಗಿರಿಯ ಸಂಬಂಧ, ಬಹಳ ದಿನ ಕಾದು ಕೂಡಿಬಂದದ್ದು. ನಮ್ಮ ಮನೆಯಲ್ಲಿ ರಕ್ತ ನಿಂತು ತಲೆಗೆ ನೀರು ಹಾಕಿಕೊಂಡರಷ್ಟೇ ಮೈಲಿಗೆ ಕಳೆಯುತ್ತದೆ. ಏಳನೇ ದಿನ ನೀನು ಮತ್ತೆ ಆಸ್ಪತ್ರೆಯಲ್ಲಿ ಮಲಗಿದ್ದರೆ ಅತ್ತೆ ಶಾಸ್ತ್ರವನ್ನು ಮುಂದಕ್ಕೆ ಹಾಕುತ್ತಿದ್ದರು. ಗಂಡಿನ ಕಡೆಯವರು ಅಪಶಕುನ ಎಂದು ಎದ್ದುಹೋಗುತ್ತಿದ್ದರೋ ಏನೋ. ಅದಕ್ಕೇ ಐದನೇ ದಿನ, ನಿನಗೆ ಇನ್ನೂ ನಿಂತಿಲ್ಲವೆಂದು ಗೊತ್ತಿದ್ದೂ, ನಾನೇ ನಿನ್ನ ತಲೆಗೆ ನೀರು ಹಾಕಿದೆ. ಎಲ್ಲ ಮುಗಿಯಿತು ಎಂದು ಅತ್ತೆಗೆ ಹೇಳಿದೆ. ಅವರ ಮುಂದೆ ಬಾಯಿ ಬಿಡಬೇಡ, ಸುಮ್ಮನೆ ಕೊರಗುತ್ತಾರೆ ಎಂದು ನಿನಗೆ ಹೇಳಿದೆ. ಅದನ್ನು ನೀನು ಅಕ್ಕರೆ ಅಂದುಕೊಂಡೆ.

ಇದೊಂದೇ ಕಾರಣ ಎಂದು ಬರೆದು ಮುಗಿಸಬಹುದಿತ್ತು. ಆದರೆ ಇನ್ನೊಂದಿದೆ — ನಿನ್ನನ್ನು ಕಂಡರೆ ನನಗೆ ಅಸಹ್ಯವಾಗುತ್ತಿತ್ತು. ಹಿತ್ತಲಲ್ಲಿ ನೀನು ತೊಳೆಯುತ್ತಿದ್ದ ಬಟ್ಟೆ, ಬಚ್ಚಲಲ್ಲಿ ನಿಂತ ವಾಸನೆ... ನೀನು ಬಂದುಹೋದ ಮೇಲೆ ಎರಡು ಕೊಡ ನೀರು ಸುರಿದೇ ನಾನು ಒಳಗೆ ಕಾಲಿಡುತ್ತಿದ್ದೆ. ಎರಡು ಹೆತ್ತವಳು ನಾನು. ನನ್ನ ಬಟ್ಟೆಯನ್ನು ನನ್ನ ತಾಯಿ ಒಂದು ದಿನವೂ ಮುಖ ಸಿಂಡರಿಸದೆ ತೊಳೆದಿದ್ದಳು. ಆದರೂ ಬಸ್ಸಿನಲ್ಲಿ ಇನ್ನೊಮ್ಮೆ ನಿನ್ನ ಮೈಗೆ ಮೈ ತಾಗಿಸಿ ಕೂರುವುದು ನನಗೆ ಬೇಡವಾಗಿತ್ತು.

ಆರನೇ ದಿನ ನೀನೇ ಬಂದು ಹೇಳಿದೆ, "ಅಕ್ಕಾ, ಒಂಥರಾ ಕೆಟ್ಟ ವಾಸ್ನೆ ಬತ್ತೈತೆ. ಹಿಂಗೇ ಇರ್ತದಾ?"

ನರ್ಸ್ ಹೇಳಿದ ಮಾತು ನೆನಪಾಗಲಿಲ್ಲವೆಂದು ಹೇಗೆ ಹೇಳಲಿ — ಚೆನ್ನಾಗಿಯೇ ನೆನಪಾಯಿತು. "ಒಳಗಿರೋದೆಲ್ಲಾ ಹೋಗ್ಬೇಕಲ್ಲ, ಹಂಗೇ ಇರ್ತದೆ" ಎಂದೆ, ಸೆರಗನ್ನು ಮೂಗಿಗೆ ಹಿಡಿದುಕೊಂಡು, ನಿನ್ನ ಎದುರಿಗೇ. ನೀನು ಎರಡು ಹೆಜ್ಜೆ ಹಿಂದೆ ಸರಿದು "ತಪ್ಪಾಯ್ತಕ್ಕ" ಎಂದೆ. ಅವತ್ತೇ ಚೀಟಿಯನ್ನು ನೀರೊಲೆಗೆ ಹಾಕಿದೆ. ಶಂಕರ ಕೇಳಿದಾಗ, ಬಟ್ಟೆಯ ಜೊತೆ ನೆನೆದುಹೋಯಿತು ಎಂದು ಹೇಳಿದೆ.

ಒಪ್ಪುವೀಳ್ಯದ ದಿನ ನಿನ್ನನ್ನು ರಾಗಿ ಮೂಟೆಯ ಕೋಣೆಯಲ್ಲಿ ಮಲಗಿಸಿದೆ. ಸುಸ್ತಾಗಿದ್ದಾಳೆ, ಮಲಗಲಿ ಎಂದು ಮನೆಯವರಿಗೆ, ತವರಿಗೆ ಹೋಗಿದ್ದಾಳೆ ಎಂದು ಬಂದವರಿಗೆ ಹೇಳಿದೆ. ಬಾಗಿಲ ಬಳಿ ಎರಡು ಸಲ ಸಾಂಬ್ರಾಣಿ ಹಾಕಿದೆ. ಊಟವಾಗಿ ಕೈ ತೊಳೆಯಲು ಹೋಗುತ್ತಿದ್ದ ಗಂಡಿನ ಸೋದರತ್ತೆ ಅಲ್ಲೇ ನಿಂತು ಮೂಗು ಸಿಂಡರಿಸಿದಳು. "ಇದೇನಮ್ಮಾ ವಾಸ್ನೆ?"

"ಮೂಟೆ ಸಂದೀಲಿ ಇಲಿ ಸತ್ತೋಗೈತೆ ಅಕ್ಕಾ, ಹುಡುಕ್ತಾನೇ ಇದೀವಿ."

ನಾನು ನಕ್ಕೆ. ಅವಳೂ ನಕ್ಕಳು. ನಿನಗೂ ನಮಗೂ ನಡುವೆ ಇದ್ದದ್ದು ಒಂದು ಹಲಗೆ ಬಾಗಿಲು. ನಿನಗೆ ಕೇಳಿಸಿತು — ನನಗೆ ಗೊತ್ತು. ಅಲ್ಲಿಯವರೆಗೆ ಸಣ್ಣಗೆ ಬರುತ್ತಿದ್ದ ನಿನ್ನ ನರಳಾಟ ಆ ಕ್ಷಣವೇ ನಿಂತಿತು. ನನ್ನ ಮಗಳ ಶಾಸ್ತ್ರ ಕೆಡದಿರಲಿ ಎಂದು ನೀನು ಬಾಯಿ ಮುಚ್ಚಿಕೊಂಡಿದ್ದೆ. ಛೀ, ಇದನ್ನು ಬರೆಯುವಾಗ ನನ್ನ ಕೈಯನ್ನೇ ನೋಡಲಾಗುತ್ತಿಲ್ಲ.

ಅವರು ಕಾರು ಹತ್ತಿದ ಮೇಲೆ ಬಾಗಿಲು ತೆಗೆದರೆ ನಿನ್ನ ಮೈ ಕೆಂಡ. ಹಲ್ಲು ಕಟಕಟ ಎನ್ನುತ್ತಿತ್ತು. ನಿನಗೆ ನನ್ನ ಗುರುತೂ ಸಿಗಲಿಲ್ಲ. ಎತ್ತಿಕೊಂಡು ಬಾಡಿಗೆ ಕಾರಿಗೆ ಹಾಕಿದೆ. ಕೃಷ್ಣಗಿರಿಯ ಆಸ್ಪತ್ರೆಯಲ್ಲಿ ಕ್ಲೀನ್ ಮಾಡಿ, ರಕ್ತ ಕೊಟ್ಟು, ಹತ್ತು ದಿನ ಇಟ್ಟುಕೊಂಡರು. ಏಳನೇ ದಿನ ಯಾಕೆ ತೋರಿಸಲಿಲ್ಲ ಎಂದು ಡಾಕ್ಟರಮ್ಮ ಶಂಕರನನ್ನು ಬೈದರು. ಅವನು ಆ ಸಿಟ್ಟಿಗೆ ಹೊಸೂರಿಗೆ ಹೋಗಿ ನರ್ಸ್ ಮೇಲೆ ಕೂಗಾಡಿದ. ಜೊತೆಗೆ ಬಂದ ಅಕ್ಕನಿಗೆ ಬಿಡಿಸಿ ಹೇಳಿದ್ದೆ ಎಂದು ಆ ಹುಡುಗಿ ಅತ್ತಳಂತೆ. "ಸುಳ್ಳು ಹೇಳ್ತಾವ್ಳೆ" ಎಂದೆ ನಾನು. ಎಲ್ಲರೂ ನಂಬಿದರು. ನೀನಂತೂ ಇವತ್ತಿಗೂ ಬಂದವರಿಗೆಲ್ಲ ಹೇಳುತ್ತೀಯ — ಅಕ್ಕ ಎತ್ಕೊಂಡು ಕಾರಿಗೆ ಹಾಕ್ದೆ ಇದ್ದಿದ್ರೆ ನಾನು ಉಳೀತಿರ್ಲಿಲ್ಲ ಅಂತ. ಆಗೆಲ್ಲ ನಾನು ಅಡಿಗೆಮನೆಗೆ ಎದ್ದುಹೋಗುತ್ತೇನೆ. ಕೇಳಲು ಆಗುವುದಿಲ್ಲ.

ಅವತ್ತಿನ ನಂಜಿನಿಂದ ಒಳಗಿನ ನಾಳಗಳು ಮುಚ್ಚಿಕೊಂಡಿವೆ ಎಂದು ಡಾಕ್ಟರಮ್ಮ ಆಮೇಲೆ ಹೇಳಿದರು. ಮನೆಯಲ್ಲಿ ಯಾರೂ ಹಾಗೆ ಹೇಳುವುದಿಲ್ಲ; ಅವಳ ಗರ್ಭವೇ ಸರಿಯಿಲ್ಲ ಎನ್ನುತ್ತಾರೆ. ಈಗ ಅತ್ತೆ ಸೂಳಗಿರಿಯಲ್ಲಿ ಶಂಕರನಿಗೆ ಇನ್ನೊಂದು ಹುಡುಗಿಯನ್ನು ಗೊತ್ತುಮಾಡಿದ್ದಾರೆ. ಭಾನುವಾರ ನೋಡಲು ಹೊರಡುತ್ತಾರೆ. ಮೊನ್ನೆ ನನ್ನ ಪಕ್ಕ ಕೂತು ನೀನು ಹೇಳಿದೆ, "ನನ್ ಮೈಯೇ ಸರಿಯಿಲ್ಲ ಅಕ್ಕಾ, ಅವ್ರಿಗ್ಯಾಕೆ ನಾನು ಅಡ್ಡ ಬರ್ಲಿ?" ಆಗಲೂ ನಾನು ತಲೆ ಬಗ್ಗಿಸಿ ಅವರೆಕಾಯಿ ಸುಲಿಯುತ್ತಲೇ ಇದ್ದೆ.

ಭಾನುವಾರ ಅವರು ಹೊರಡುವ ಮುಂಚೆ ಎಲ್ಲರ ಎದುರಿಗೆ ಹೇಳುತ್ತೇನೆ. ಕಾವ್ಯಳ ಅತ್ತೆಮನೆಗೂ ಸುದ್ದಿ ಮುಟ್ಟುತ್ತದೆ, ಮುಟ್ಟಲಿ. ಹೊಸೂರಿಗೆ ಹೋಗಿ ಆ ನರ್ಸ್ ಹುಡುಗಿಯನ್ನೂ ಹುಡುಕುತ್ತೇನೆ. ಆದರೆ ಎಲ್ಲರಿಗಿಂತ ಮೊದಲು ನಿನಗೆ ತಿಳಿಯಬೇಕು, ಅದಕ್ಕೆ ಈ ಕಾಗದ.

ಕ್ಷಮಿಸು ಎಂದು ಬರೆಯುವುದಿಲ್ಲ. ಬರೆದರೆ ನೀನು ಓದಿ ಮುಗಿಸುವ ಮೊದಲೇ "ಹೋಗ್ಲಿ ಬಿಡಕ್ಕ" ಎಂದುಬಿಡುತ್ತೀಯ. ಹಾಗೆ ಅನ್ನಬೇಡ.